ಇಕ್ಕತ್ ಚೀಲದ ಕೆಂಪು ಬಣ್ಣ ಬಿಳಿ ಅಂಗಿಗೆ ಹತ್ತುತ್ತಿದ್ದರೆ

ಇಕ್ಕತ್ ಚೀಲದ ಕೆಂಪು ಅಂಗಿಗೆ ಹತ್ತುತ್ತಿದೆ ಎಂದರೆ, ನೂಲು ಹಿಡಿಯದೆ ಉಳಿದ ಬಣ್ಣವನ್ನು ಬಹುಶಃ ತಯಾರಿಸುವಾಗ ಸರಿಯಾಗಿ ತೊಳೆದು ತೆಗೆದಿಲ್ಲ. ಕಲಬುರಗಿಯ ಬಿಸಿಲಿನ ಬೆವರಿಗೆ ಅದೇ ನಿಮ್ಮ ಅಂಗಿಯ ಬಗಲಿಗೆ ಹತ್ತುತ್ತಿರಬೇಕು. ಮೊದಲು ಚೀಲದ ಒಳಮೈ ನೋಡಿ. ತೆಲಂಗಾಣದ ಪೋಚಂಪಲ್ಲಿ ಇಕ್ಕತ್‌ನಲ್ಲಿ ನೇಯುವ ಮೊದಲೇ ನೂಲನ್ನು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಹಾಗಾಗಿ ವಿನ್ಯಾಸ ಎರಡೂ ಬದಿಗೆ ಒಂದೇ ಗಾಢವಾಗಿ, ಅಂಚು ತುಸು ಕದಡಿದಂತೆ ಇರುತ್ತದೆ. ಒಳಬದಿ ಪೇಲವವಾಗಿದ್ದರೆ ಅದು ಬಹುಶಃ ಅಚ್ಚು ಹಾಕಿದ ಬಟ್ಟೆ; ಉಜ್ಜಿದಷ್ಟೂ ಬಣ್ಣ ಬಿಡಬಹುದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ನೇಯ್ದದ್ದೇ ಆದರೆ, ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಎಷ್ಟು ಬಿಡುತ್ತದೆ ನೋಡಿಕೊಳ್ಳಿ. ಬಳಿಕ ಚೀಲವೊಂದನ್ನೇ ಬಕೆಟ್ ತಣ್ಣೀರಿನಲ್ಲಿ ಐದು ನಿಮಿಷ ಜಾಲಾಡಿಸಿ, ನೀರು ಚೆಲ್ಲಿ, ಹೊಸ ನೀರು ತುಂಬಿಸಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ರಾತ್ರಿಯಿಡೀ ನೆನೆಹಾಕಬೇಡಿ, ಬಿಟ್ಟ ಕೆಂಪು ಚೀಲದ ಬಿಳಿ ನೂಲಿಗೇ ಏರುತ್ತದೆ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರು ಸಿಗುತ್ತಾರೆ. ಈಗಾಗಲೇ ಬಣ್ಣ ಹಾಕಿ ಸಿದ್ಧವಾದ ಹತ್ತಿ ಬಟ್ಟೆಗೆ ಅದರಿಂದ ಪ್ರಯೋಜನವಿಲ್ಲ. ತಿರುಚಿ ಹಿಂಡದೆ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಕೊಟ್ಟರೆ ಕೆಂಪು ಬೇಗ ಮಾಸುತ್ತದೆ.

ಪೂರ್ತಿ ಒಣಗಿದ ಮೇಲೆ ಬಿಳಿ ಬಟ್ಟೆಯ ಪರೀಕ್ಷೆ ಮತ್ತೆ ಮಾಡಿ. ಅಂಗಿಗೆ ಮಾತ್ರ ಕಲೆ ಹೋಗುವವರೆಗೆ ಇಸ್ತ್ರಿ ತಾಗಿಸಬೇಡಿ.