ಪೋಲಿಷ್ ನಾಟಕ ಬ್ರಿಟನ್ನಿಗೆ ಹೋಗುತ್ತಿದೆ. ಸರ್‌ಟೈಟಲ್‌ನಲ್ಲಿ ವಿವರಣೆ ಕೊಡಬೇಕಾ?

ಬೇಡ. ಒಂದು ಸಾಲಿನ ವಿವರಣೆಯೂ ಬೇಡ.

ನೀವು ಬರೆದದ್ದು ಇದು: ಪೋಲೆಂಡಿನ ಚಿಕ್ಕ ನಾಟಕ ತಂಡ, ‘ಫೆರ್ಡಿಡುರ್ಕೆ’ ಕಾದಂಬರಿ, ಬ್ರಿಟನ್ ಪ್ರವಾಸ, ಇಂಗ್ಲಿಷ್ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ಸರ್‌ಟೈಟಲ್ ಕೆಲಸ (ನಟರ ಮಾತಿನ ಅನುವಾದವನ್ನು ಪರದೆ ಮೇಲೆ ತೋರಿಸುವುದು) ತಲೆಗೆ ಕಟ್ಟಿಸಿಕೊಂಡ ಕನ್ನಡದ ಸ್ಟೂಡೆಂಟ್. ನಿಮ್ಮ ಪ್ರಶ್ನೆಯಲ್ಲಿ ನನ್ನ ಹೆಸರೊಂದೇ ಇಲ್ಲ, ಉಳಿದದ್ದೆಲ್ಲ ನನ್ನ ಕಥೆಯೇ. "ಅಲ್ಲಿಯವರಿಗೆ ಪೋಲಿಷ್ ಸಂಗತಿ ಗೊತ್ತಿಲ್ಲ, ಪರದೆ ಮೇಲೆ ಚಿಕ್ಕ ವಿವರಣೆ ಸೇರಿಸಲಾ, ಇಲ್ಲ ನಟರೇ ಇಂಗ್ಲಿಷಿನಲ್ಲಿ ಆಡಲಿ ಅನ್ನಲಾ" ಅಂತ ಕೇಳಿದ್ದೀರಿ. ನಾನು ಸೇರಿಸಿದ್ದೆ. ಏನಾಯಿತು ಅಂತ ಹೇಳುತ್ತೇನೆ.

ಆಗ ನಾನು ಪೋಲೆಂಡಿನ ಕ್ರಾಕೋವ್‌ನಲ್ಲಿ ಓದುತ್ತಿದ್ದೆ. ನನ್ನ ಪೋಲಿಷ್ ಅಂಗಡಿಯಲ್ಲಿ, ಟ್ರಾಮಿನಲ್ಲಿ, ರೂಮ್‌ಮೇಟ್‌ಗಳ ಜಗಳದಲ್ಲಿ ಕಲಿತದ್ದು. ಇದೇ ಕಾದಂಬರಿಯನ್ನು ಆಡುತ್ತಿದ್ದ ಒಂದು ತಂಡದ ಹತ್ತಿರ ದುಡ್ಡಿರಲಿಲ್ಲ, ನಾನು ಪುಕ್ಕಟೆ ಸಿಕ್ಕೆ. ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಫ್ರಿಂಜ್ ಉತ್ಸವಕ್ಕೆ ಹೊರಟೆವು. 1947ರಿಂದ ನಡೆಯುತ್ತಿರುವ ಈ ಉತ್ಸವಕ್ಕೆ ಯಾರೂ ಆರಿಸಿ ಕರೆಯುವುದಿಲ್ಲ. ಹಾಲ್ ಹಿಡಿದು, ಬಾಡಿಗೆ ಕಟ್ಟಿ, ನೀವೇ ಹೋಗಬೇಕು. ಒಂದೇ ಹಾಲ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಒಂದಾದ ಮೇಲೊಂದು ನಾಟಕ. ನೀವು ಸೆಟ್ ಬಿಚ್ಚುತ್ತಿರುವಾಗಲೇ ಮುಂದಿನ ತಂಡದವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಪ್ರೊಜೆಕ್ಟರ್ ಸರಿ ಮಾಡಿಕೊಳ್ಳಲು ಸಿಗುವುದು ಕೆಲವೇ ನಿಮಿಷ. ಹಾಗಾಗಿ ತಪ್ಪೇನಾದರೂ ಇದ್ದರೆ ಅದು ಜನರ ಮುಂದೆಯೇ ಗೊತ್ತಾಗುವುದು.

ಸರ್‌ಟೈಟಲ್ ಅಂದರೆ ಅನುವಾದ ಅಂತ ಎಲ್ಲರೂ ತಿಳಿದಿರುತ್ತಾರೆ. ಅನುವಾದ ಮನೆಯಲ್ಲೇ ಮುಗಿದಿರುತ್ತದೆ. ಹಾಲ್‌ನಲ್ಲಿ ಮಾಡುವುದು ಬಟನ್ ಒತ್ತುವ ಕೆಲಸ. ಹಿಂದೆ ಕತ್ತಲಲ್ಲಿ ಕೂತು, ನಟನ ಉಸಿರು ಕೇಳಿಸಿಕೊಂಡು, ಅವನ ಮಾತಿನ ಜೊತೆಗೇ ಸ್ಲೈಡ್ ಬಿಡಬೇಕು. ಅವನು ಒಂದು ಮಾತು ಹಾರಿಸಿದರೆ ನೀವೂ ಹಾರಿಸಬೇಕು. ಒಂದು ಸ್ಲೈಡಿಗೆ ಎರಡು ಸಾಲು, ಸಾಲಿಗೆ ಹೆಚ್ಚೆಂದರೆ 40 ಅಕ್ಷರ ಅಂತ ಇಟ್ಟುಕೊಳ್ಳಿ. ಇದೆಲ್ಲ ನನಗೆ ಯಾರೂ ಹೇಳಿರಲಿಲ್ಲ.

ಈಗ ಕಥೆಗೆ ಬರುತ್ತೇನೆ. ನಿಮಗೆ ಗೊತ್ತೇ ಇರುತ್ತದೆ, ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಲ್ವಾ. ವಿಟೋಲ್ಡ್ ಗೊಂಬ್ರೊವಿಚ್ 1937ರಲ್ಲಿ ಪ್ರಕಟಿಸಿದ ವಿಡಂಬನೆಯ ಕಾದಂಬರಿ ಈ ‘ಫೆರ್ಡಿಡುರ್ಕೆ’. ಮೂವತ್ತು ವರ್ಷದ ಗಂಡಸೊಬ್ಬನ ಮನೆಗೆ ಪಿಮ್ಕೊ ಅನ್ನುವ ಪ್ರೊಫೆಸರ್ ಬರುತ್ತಾನೆ. ಅವನನ್ನು ಚಿಕ್ಕ ಹುಡುಗನೆಂದೇ ಭಾವಿಸಿ, ಪಾಠ ಒಪ್ಪಿಸು ಅಂದು, ಎಳೆದುಕೊಂಡು ಹೋಗಿ ಶಾಲೆಗೆ ಸೇರಿಸುತ್ತಾನೆ. ಇವನು ದೊಡ್ಡವನು ಅಂತ ಅಲ್ಲಿ ಯಾರಿಗೂ ಅನಿಸುವುದಿಲ್ಲ. ಆ ಶಾಲೆಯಲ್ಲಿ ಬ್ಲಾದಾಚ್ಕಾ ಅನ್ನುವ ಮೇಷ್ಟ್ರು ಸಾಹಿತ್ಯ ಪಾಠ ಮಾಡುತ್ತಾರೆ. ಸ್ವೊವಾತ್ಸ್ಕಿ ಮಹಾಕವಿ, ಆದ್ದರಿಂದ ನಮಗೆಲ್ಲ ಅವನ ಕಾವ್ಯ ಇಷ್ಟ ಅನ್ನುತ್ತಾರೆ. ಗೌಕೆವಿಚ್ ಅನ್ನುವ ಹುಡುಗ ಎದ್ದು ನನಗೆ ಇಷ್ಟ ಆಗೋದೇ ಇಲ್ಲವಲ್ಲ ಅನ್ನುತ್ತಾನೆ. ಮೇಷ್ಟ್ರ ಹತ್ತಿರ ಉತ್ತರ ಇಲ್ಲ. ಕೊನೆಗೆ ನನಗೆ ಹೆಂಡತಿ ಇದ್ದಾಳೆ, ಮಗು ಇದೆ, ಮಗುವಿನ ಮುಖ ನೋಡಿಯಾದರೂ ಇಷ್ಟಪಡಪ್ಪಾ ಅಂತ ಅಂಗಲಾಚುವ ಮಟ್ಟಕ್ಕೆ ಇಳಿಯುತ್ತಾರೆ.

ಪೋಲೆಂಡಿನಲ್ಲಿ ಈ ದೃಶ್ಯಕ್ಕೆ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಗು ಶುರುವಾಗುತ್ತದೆ. ಯಾಕೆಂದರೆ ಶಾಲೆಯನ್ನು ಹೀಗೆ ಆಡಿಕೊಳ್ಳುವ ಕಾದಂಬರಿಯನ್ನು ಅಲ್ಲಿ ಶಾಲೆಯಲ್ಲೇ ಓದಿಸುತ್ತಾರೆ! 2007ರಲ್ಲಿ ಅಂದಿನ ಶಿಕ್ಷಣ ಮಂತ್ರಿ ರೋಮಾನ್ ಗೆರ್ತಿಹ್ ಗೊಂಬ್ರೊವಿಚ್‌ರನ್ನು ಪಠ್ಯದ ಪಟ್ಟಿಯಿಂದ ಕೈಬಿಡಲು ಹೊರಟಾಗ ದೊಡ್ಡ ಗಲಾಟೆಯೇ ಆಗಿತ್ತು. ಅಂದರೆ ಅಲ್ಲಿನ ಪ್ರೇಕ್ಷಕರಿಗೆ ಜೋಕ್ ಮೊದಲೇ ಗೊತ್ತು. ನಮ್ಮ ನಟರ ಲಯ ಕೂಡ ಆ ನಗುವಿಗೆ ಒಗ್ಗಿಹೋಗಿತ್ತು.

ನಾನು ಏನು ಮಾಡಿದೆ ಅಂದರೆ, ಸ್ಕಾಟ್ಲೆಂಡಿನವರಿಗೆ ಸ್ವೊವಾತ್ಸ್ಕಿ ಯಾರು ಅಂತ ಎಲ್ಲಿ ಗೊತ್ತಿರುತ್ತದೆ ಅಂದುಕೊಂಡು, ಸ್ಲೈಡಿನ ಮೇಲ್ಗಡೆ "ಯೂಲಿಯುಷ್ ಸ್ವೊವಾತ್ಸ್ಕಿ, 1809–1849, ರೊಮ್ಯಾಂಟಿಕ್ ಕವಿ" ಅಂತ ಒಂದು ಸಾಲು ಸೇರಿಸಿದೆ. ಆ ಸಾಲು ಕಣ್ಣಿಗೆ ಬೀಳಲು ಸ್ಲೈಡ್ ಜಾಸ್ತಿ ಹೊತ್ತು ನಿಲ್ಲಬೇಕಿತ್ತು. ಜಾಸ್ತಿ ಹೊತ್ತು ನಿಲ್ಲಲಿ ಅಂತ ಮೇಷ್ಟ್ರ ಮಾತನ್ನೂ ಹುಡುಗನ ಮಾತನ್ನೂ ಒಂದೇ ಸ್ಲೈಡಿಗೆ ತುರುಕಿದೆ. ಎಲ್ಲ ಕೆಟ್ಟದ್ದು ಇಲ್ಲೇ. ಆ ದೃಶ್ಯ ನಿಂತಿರುವುದು ಎರಡು ಮಾತಿನ ನಡುವಿನ ಮೌನದ ಮೇಲೆ. ಮೇಷ್ಟ್ರು ಘೋಷಣೆ ಮಾಡುತ್ತಾರೆ, ಕ್ಲಾಸಿನಲ್ಲಿ ಯಾರೂ ಅಲುಗಾಡುವುದಿಲ್ಲ, ಹುಡುಗ ನಿಧಾನವಾಗಿ ಬೆಂಚಿನಿಂದ ಏಳುತ್ತಾನೆ, ಇವನೇನೋ ಹೇಳುತ್ತಾನೆ ಅಂತ ನಮಗೆ ಅನಿಸುತ್ತದೆ, ಆಮೇಲೆ ಹೇಳುತ್ತಾನೆ. ನನ್ನ ಪರದೆ ಮೇಲೆ ಹುಡುಗನ ಉತ್ತರ ಮೇಷ್ಟ್ರ ಮಾತು ಅರ್ಧದಲ್ಲಿರುವಾಗಲೇ ಬಂದು ಕೂತಿತ್ತು. ಬೇಗ ಓದುವವರು ಆಗಲೇ ನಕ್ಕರು. ನಿಧಾನಕ್ಕೆ ಓದುವವರು ಇನ್ನೂ 1809ರಲ್ಲೇ ಇದ್ದರು. ಮೇಷ್ಟ್ರ ಪಾತ್ರದವರಿಗೆ ಯಾಕೆ ನಗು ಬಂತು ಅಂತ ಗೊತ್ತಾಗದೆ ಮಾತು ತಡವರಿಸಿತು. ಹುಡುಗ ಎದ್ದ, ಹೇಳಿದ. ಒಬ್ಬರೂ ನಗಲಿಲ್ಲ. ಕೇಳಿಸಲಿಲ್ಲವೇನೋ ಅಂತ ಅವನು ಅದೇ ಮಾತನ್ನು ಜೋರಾಗಿ ಇನ್ನೊಮ್ಮೆ ಹೇಳಿದ. ನನ್ನ ಕೈ ನಡುಗಿ ಮುಂದಿನ ಸ್ಲೈಡ್ ಒತ್ತಿದೆ. ಹೆಂಡತಿ ಮಗುವಿನ ಮಾತು ಹೊರಬರುವ ಮೊದಲೇ ಪರದೆ ಮೇಲೆ ಹೆಂಡತಿ ಮಗು ಬಂದರು. ಅಲ್ಲಿಂದ ಆ ಅಂಕ ಮುಗಿಯುವವರೆಗೂ ನಾನು ನಟರಿಗಿಂತ ಒಂದು ಸ್ಲೈಡ್ ಮುಂದೆಯೇ ಓಡುತ್ತಿದ್ದೆ.

ನಾಟಕ ಮುಗಿದ ಮೇಲೆ ನಿರ್ದೇಶಕರು ಬಯ್ಯಲಿಲ್ಲ. ಸ್ವೊವಾತ್ಸ್ಕಿ ಹುಟ್ಟಿದ ವರ್ಷ ಹೇಳಿಕೊಡಲು ನಾಟಕದಲ್ಲಿ ಒಬ್ಬ ಮೇಷ್ಟ್ರು ಇರಲಿಲ್ಲವಾ, ಇನ್ನೊಬ್ಬ ಯಾಕೆ ಬೇಕಿತ್ತು ಅಂತ ಕೇಳಿದರು. ತಂಡದ ಮುಂದಿನ ಪ್ರವಾಸಕ್ಕೆ ನನ್ನನ್ನು ಕರೆಯಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಗೊತ್ತಿಲ್ಲದಿರುವುದು ಕೊರತೆ ಅಂದುಕೊಂಡಿದ್ದೀರಿ. ಸ್ವೊವಾತ್ಸ್ಕಿ ಯಾರು ಅಂತ ಗೊತ್ತಿಲ್ಲದ ಪ್ರೇಕ್ಷಕ ಗೌಕೆವಿಚ್ ಪಕ್ಕದ ಬೆಂಚಿನಲ್ಲೇ ಕೂತಿದ್ದಾನೆ. ಅವನಿಗೂ ಯಾರೋ ಒಬ್ಬ ಕವಿ ದೊಡ್ಡವನು ಅಂತ ಸುಮ್ನೆ ಒಪ್ಪಿಸುತ್ತಿದ್ದಾರೆ. ಇಂಥ ಮೇಷ್ಟ್ರು ನನಗೆ ಹಾಸನದ ಹೈಸ್ಕೂಲಿನಲ್ಲೂ ಇದ್ದರು. ಎಡಿನ್‌ಬರೋದಲ್ಲಿ ಇರುವುದಿಲ್ಲವಾ? ಈ ಕಾದಂಬರಿ ಸ್ಪ್ಯಾನಿಷ್‌ಗೆ ಹೋದ ಬಗೆ ನೋಡಿ. ಗೊಂಬ್ರೊವಿಚ್ 1939ರಲ್ಲಿ ಹಡಗಿನಲ್ಲಿ ಅರ್ಜೆಂಟೀನಾಕ್ಕೆ ಹೋದಾಗಲೇ ಯುದ್ಧ ಶುರುವಾಗಿ ಅಲ್ಲೇ ಉಳಿದರು, 1963ರವರೆಗೂ. ಬ್ಯೂನಸ್ ಐರಿಸ್‌ನ ಕೆಫೆ ರೆಕ್ಸ್‌ನಲ್ಲಿ ಚೆಸ್ ಆಡುವ ಗೆಳೆಯರನ್ನು ಕೂಡಿಸಿಕೊಂಡು, ಕ್ಯೂಬಾದ ಲೇಖಕ ವಿರ್ಖಿಲಿಯೊ ಪಿನ್ಯೇರಾ ಮುಂದಾಳತ್ವದಲ್ಲಿ ಅನುವಾದ ಮಾಡಿಸಿದರು. 1947ರಲ್ಲಿ ಪುಸ್ತಕ ಬಂತು. ಆ ಗುಂಪಿನ ಹೆಚ್ಚಿನವರಿಗೆ ಪೋಲಿಷ್ ಬರುತ್ತಿರಲಿಲ್ಲ!

ನಟರು ಇಂಗ್ಲಿಷಿನಲ್ಲಿ ಆಡುವ ವಿಚಾರ: ಆಗುತ್ತದೆ, ಆಗಿದೆ. ಪೋಲೆಂಡಿನ ಲುಬ್ಲಿನ್‌ನ ಪ್ರೊವಿಜೋರಿಯಮ್ ಮತ್ತು ಕೊಂಪಾನಿಯಾ ತಂಡಗಳು ಸೇರಿ 1998ರಲ್ಲಿ ಕಟ್ಟಿದ ‘ಫೆರ್ಡಿಡುರ್ಕೆ’ಯಲ್ಲಿ ನಾಲ್ಕೇ ನಟರು. ಇಕ್ಕಟ್ಟಾದ ಪೆಟ್ಟಿಗೆಯಂಥ ಜಾಗದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡುವ ನಾಟಕ. ಅದನ್ನು ಅವರು ಅಮೆರಿಕದಲ್ಲಿ ಇಂಗ್ಲಿಷಿನಲ್ಲೇ ಆಡಿದರು. ಆದರೆ ಅದಕ್ಕೆ ತಾಲೀಮು ಬೇಕು. ನೀವು ಹೊರಡುವುದು ಮುಂದಿನ ತಿಂಗಳು ಅಂತ ಬರೆದಿದ್ದೀರಿ. ಈಗ ಆ ಮಾತು ಎತ್ತಿದರೆ ನಟರು ನಿಮ್ಮನ್ನು ಹೊಡೆಯುತ್ತಾರೆ.

ಸರ್‌ಟೈಟಲೇ ಇರಲಿ, ಮೂರನೇ ಒಂದು ಭಾಗ ಕತ್ತರಿಸಿ ಹಾಕಿ. ನಗು ತರುವ ಮಾತಿಗೆ ಅದರದೇ ಸ್ಲೈಡ್ ಇರಬೇಕು. ಅದಕ್ಕೂ ಮುಂಚೆ ಒಂದು ಖಾಲಿ ಸ್ಲೈಡ್. ಮುಖ ಕಿವುಚುವ ಪಂದ್ಯದ ದೃಶ್ಯ ಇದೆಯಲ್ಲ, ಸಿಫೊನ್ ಮತ್ತು ಮ್ಯೆಂತುಸ್ ಅನ್ನುವ ಇಬ್ಬರು ಹುಡುಗರು ಎದುರುಬದುರು ನಿಂತು ಒಬ್ಬ ಉದಾತ್ತ ಮುಖ ಮಾಡುವುದು, ಇನ್ನೊಬ್ಬ ಅದನ್ನು ಹೊಲಸು ಮಾಡುವುದು, ಅಲ್ಲಿ ಪ್ರೊಜೆಕ್ಟರ್ ಮುಚ್ಚಿಬಿಡಿ. ಖಾಲಿ ಪರದೆ ಬೆಳಗುತ್ತಿದ್ದರೂ ಜನ ಅತ್ತಲೇ ನೋಡುತ್ತಾರೆ. ಪೋಲಿಷ್ ಬರದ ಗೆಳೆಯರೊಬ್ಬರನ್ನು ತಾಲೀಮಿಗೆ ಕರೆದು ಕೂರಿಸಿ. ಅವರ ಕಣ್ಣು ನಟರ ಮೇಲೆ ಎಷ್ಟು ಹೊತ್ತು ಇದೆ ಅಂತ ನೋಡಿ.

ಇನ್ನೊಂದು. ಇಂಗ್ಲಿಷ್ ಸಾಲುಗಳನ್ನು ಯಾವ ಪುಸ್ತಕದಿಂದ ತೆಗೆಯುತ್ತಿದ್ದೀರಿ? 1961ರ ಮೊದಲ ಇಂಗ್ಲಿಷ್ ಅನುವಾದ ಪೋಲಿಷ್‌ನಿಂದ ನೇರವಾಗಿ ಬಂದದ್ದಲ್ಲ, ಬೇರೆ ಭಾಷೆಗಳ ಅನುವಾದದಿಂದ ಮಾಡಿದ್ದು. ನೇರ ಅನುವಾದ ಬಂದದ್ದು 2000ದಲ್ಲಿ, ದಾನುತಾ ಬೋರ್ಖಾರ್ಟ್ ಅವರದು. ಅದನ್ನು ಬಳಸುವುದಾದರೆ ಅನುಮತಿ ಬೇಕು. ಗೊಂಬ್ರೊವಿಚ್ ತೀರಿಕೊಂಡದ್ದು 1969ರಲ್ಲಿ, ಹಾಗಾಗಿ ಮೂಲದ ಹಕ್ಕೂ ಇನ್ನೂ ಮುಗಿದಿಲ್ಲ. ನಿಮ್ಮ ತಂಡ ಅನುಮತಿ ಪತ್ರ ತೆಗೆದುಕೊಂಡಿದೆಯಾ ಅಂತ ನಾಳೆಯೇ ಕೇಳಿ. ಹಾಲ್‌ನಲ್ಲಿ ಪರದೆ ವೇದಿಕೆಯ ಮೇಲ್ಗಡೆ ಇದೆಯೋ ಪಕ್ಕದಲ್ಲಿದೆಯೋ ಅದನ್ನೂ ಬರೆಯಿರಿ, ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಕಾಮೆಂಟಿನಲ್ಲಿ ಹೇಳುತ್ತೇನೆ.