ಸ್ವಿಚ್ಚೇ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಆಫ್ ಆಗುವುದೇಕೆ?

ಪ್ರಶ್ನೆ: ನನ್ನದು ಹಳೆಯ ಲೆನೊವೊ ಐಡಿಯಾಪ್ಯಾಡ್ ಲ್ಯಾಪ್‌ಟಾಪ್. ಲಿನಕ್ಸ್ ಮಿಂಟ್ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡ ಮೇಲೆ ವೈಫೈ ಬರುತ್ತಿಲ್ಲ. ಹಾರ್ಡ್‌ವೇರ್ ಸ್ವಿಚ್ ಆಫ್ ಆಗಿದೆ ಎಂದು ತೋರಿಸುತ್ತದೆ. ಸುತ್ತ ಹುಡುಕಿದರೂ ಅಂಥ ಸ್ವಿಚ್ ಇಲ್ಲ. ವೈಫೈ ಕಾರ್ಡ್ ಬದಲಿಸಬೇಕೇ?

ಉತ್ತರ: ಈಗಲೇ ಕಾರ್ಡ್‌ಗೆ ದುಡ್ಡು ಹಾಕಬೇಡಿ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಆರ್‌ಎಫ್‌ಕಿಲ್ ಲಿಸ್ಟ್’ ಕಮಾಂಡ್ ಕೊಡಿ (ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು). ಪ್ರತಿ ಸಾಧನದ ಕೆಳಗೆ ‘ಸಾಫ್ಟ್ ಬ್ಲಾಕ್ಡ್’, ‘ಹಾರ್ಡ್ ಬ್ಲಾಕ್ಡ್’ ಎಂಬ ಎರಡು ಸಾಲು ಬರುತ್ತವೆ. ಮೊದಲನೆಯದು ಸಾಫ್ಟ್‌ವೇರ್ ಹಾಕಿದ ತಡೆ, ಎರಡನೆಯದು ಹಾರ್ಡ್‌ವೇರ್ ಕಡೆಯ ತಡೆ. ಸಾಫ್ಟ್ ಮಾತ್ರ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ಹಾರ್ಡ್ ‘ಯೆಸ್’ ಇದ್ದರೆ ಅದೇ ಕಮಾಂಡನ್ನು ಎಷ್ಟು ಸಲ ಕೊಟ್ಟರೂ ಪ್ರಯೋಜನವಿಲ್ಲ.

ನಿಮ್ಮ ಪಟ್ಟಿಯಲ್ಲಿ ವೈಫೈನದೇ ಎರಡು ನಮೂದು ಇರಬೇಕು. ‘ಪಿಎಚ್‌ವೈ0’ ಎಂಬುದು ನಿಜವಾದ ಕಾರ್ಡ್. ಐಡಿಯಾಪ್ಯಾಡ್ ಎಂದು ಶುರುವಾಗುವ ಇನ್ನೊಂದನ್ನು ಸೇರಿಸಿರುವುದು ಐಡಿಯಾಪ್ಯಾಡ್_ಲ್ಯಾಪ್‌ಟಾಪ್ ಎಂಬ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿಕೊಳ್ಳುವ ಚಿಕ್ಕ ಪ್ರೋಗ್ರಾಂ). ಸ್ವಿಚ್ ಆನ್ ಇದೆಯೇ ಎಂದು ಅದು ಫರ್ಮ್‌ವೇರ್ ಅನ್ನು (ಲ್ಯಾಪ್‌ಟಾಪಿನ ಹಾರ್ಡ್‌ವೇರ್‌ನೊಳಗೇ ಇರುವ ಸಾಫ್ಟ್‌ವೇರ್) ಕೇಳುತ್ತದೆ. ಸ್ವಿಚ್ಚೇ ಇಲ್ಲದ ಮಾದರಿಗಳಲ್ಲಿ ಯಾವಾಗಲೂ 0 ಎಂಬ ಉತ್ತರ ಬರುತ್ತದೆ. ಮಾಡ್ಯೂಲ್ ಅದನ್ನು ‘ಆಫ್’ ಎಂದು ಓದಿಕೊಳ್ಳುತ್ತದೆ. ಕಾರ್ಡ್ ಸರಿಯಿದ್ದರೂ ನೆಟ್‌ವರ್ಕ್ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಪ್ರೋಗ್ರಾಂ ಈ ಒಂದು ‘ಯೆಸ್’ ನೋಡಿ ವೈಫೈ ನಿಲ್ಲಿಸಿಬಿಡುತ್ತದೆ.

ಪರೀಕ್ಷಿಸಲು, ಆ ಮಾಡ್ಯೂಲನ್ನು ತಾತ್ಕಾಲಿಕವಾಗಿ ತೆಗೆಯುವ ‘ಸುಡೊ ಮಾಡ್‌ಪ್ರೋಬ್ -ಆರ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಕೊಡಿ. ವೈಫೈ ಬಂತೆಂದರೆ ಕಾರಣ ಇದೇ. ಮೊದಲು ಕರ್ನಲ್ ಅಪ್‌ಡೇಟ್ ಮಾಡಿ, ಹೊಸ ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಿದ್ದಾರೆ. ಆಮೇಲೂ ಹಾಗೇ ಇದ್ದರೆ ಮಾಡ್ಯೂಲ್ ಶುರುವಾಗದಂತೆ ತಡೆಯಲು /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಎಂದು ಕೊನೆಯಾಗುವ ಫೈಲ್ ಮಾಡಿ, ‘ಬ್ಲ್ಯಾಕ್‌ಲಿಸ್ಟ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಎಂಬ ಒಂದೇ ಸಾಲು ಬರೆದು ಉಳಿಸಿ. ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ ಓಡಿಸಿ ರೀಸ್ಟಾರ್ಟ್ ಮಾಡಿ. ಇದನ್ನು ಕೊನೆಯ ದಾರಿ ಎಂದೇ ಇಟ್ಟುಕೊಳ್ಳಿ: ಕೆಲವು ಎಫ್‌ಎನ್ ಕೀಗಳು, ಬ್ಯಾಟರಿ ಪೂರ್ತಿ ಚಾರ್ಜ್ ಆಗದಂತೆ ತಡೆಯುವ ಸೌಲಭ್ಯ ಇದೇ ಮಾಡ್ಯೂಲಿನ ಕೈಯಲ್ಲಿವೆ.

ಪಿಎಚ್‌ವೈ0 ಕೆಳಗೇ ಹಾರ್ಡ್ ‘ಯೆಸ್’ ಇದ್ದರೆ ಮಾತು ಬೇರೆ. ಎಫ್‌ಎನ್ ಜೊತೆ ವಿಮಾನದ ಚಿತ್ರದ ಕೀ ಒತ್ತಿ, ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ವೈರ್‌ಲೆಸ್ ಆಫ್ ಆಗಿದೆಯೇ ನೋಡಿ. ಸ್ವಿಚ್ ಇದ್ದು ಮುರಿದುಹೋದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ 20ನೇ ಪಿನ್ ಮೇಲೆ ಮಾತ್ರ ಸಣ್ಣ ಚೂರು ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯಗೊಡದ ಟೇಪ್) ಅಂಟಿಸುತ್ತಾರೆ. ರೇಡಿಯೊ ಆಫ್ ಮಾಡುವ ಸಂಕೇತ ಬರುವುದು ಆ ಪಿನ್ ಮೂಲಕ. ಬ್ಯಾಟರಿ ತೆಗೆದಮೇಲಷ್ಟೇ ಕಾರ್ಡ್ ಮುಟ್ಟಿ.

ಪಟ್ಟಿಯಲ್ಲಿ ಪಿಎಚ್‌ವೈ0 ಇಲ್ಲವೇ ಇಲ್ಲವಾದರೆ ಅದು ಸ್ವಿಚ್ಚಿನ ತೊಂದರೆಯಲ್ಲ. ‘ಎಲ್‌ಎಸ್‌ಪಿಸಿಐ -ಕೆ’ ಕೊಟ್ಟು, ವೈಫೈ ಕಾರ್ಡಿಗೆ ಡ್ರೈವರ್ ಸಿಕ್ಕಿದೆಯೇ ನೋಡಿ.