ಕೇಳಿ ಮಾರಾಯ್ರೆ: ನಾಯಕ ಸತ್ತಾಗ ಹೂವಾ, ಪಟಾಕಿಯಾ?

ಹೋದ ಸಂಚಿಕೆಯಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಸಾವಿನ ಬಗ್ಗೆ ನಾಲ್ಕು ಸಾಲು ಬರೆದದ್ದೇ ಸೈ, ಈ ಸಲ ಬಂದ ಪ್ರಶ್ನೆಗಳೆಲ್ಲ ಅದರ ಸುತ್ತವೇ. ಉಳಿದ ವಿಷಯಗಳು ಮುಂದಿನ ಸಲಕ್ಕೆ. ಬೈದು ಬರೆದವರ ಪತ್ರವನ್ನೂ ಹಾಕಿದ್ದೇನೆ. ಬೈಗುಳ ಮಾತ್ರ ತೆಗೆದಿದ್ದೇನೆ, ಜಾಗ ಸಾಲುವುದಿಲ್ಲ.

ಮಗ ಮಣಿಪಾಲದಲ್ಲಿ ಓದುತ್ತಾನೆ. ಥ್ಯಾಚರ್ ಸತ್ತ ದಿನ ಬ್ರಿಟನ್ನಿನ ಜನ ಬೀದಿಯಲ್ಲಿ ಕುಣಿದ ವಿಡಿಯೋ ತೋರಿಸಿದ. ಒಬ್ಬ ಮುದುಕಿ ಸತ್ತದ್ದಕ್ಕೆ ಹೀಗೆ ಮಾಡುವುದಾ? ಎಂತ ಅಷ್ಟು ಸಿಟ್ಟು?
– ನಿವೃತ್ತ ಶಿಕ್ಷಕಿ, ಉಡುಪಿ

ಕುಣಿದದ್ದು ನಿಜ ಟೀಚರ್. 2013ರ ಏಪ್ರಿಲ್ 8ರಂದು ಥ್ಯಾಚರ್ ಲಂಡನ್ನಿನ ಒಂದು ಹೋಟೆಲಿನಲ್ಲಿ ಸ್ಟ್ರೋಕ್ ಆಗಿ ತೀರಿಕೊಂಡರು. ಆಗ ಅವರಿಗೆ 87 ವರ್ಷ. ಅದೇ ಸಂಜೆ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ, ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಜನ ಬಾಟಲಿ ಹಿಡಿದು ಸೇರಿದರು. ಏಪ್ರಿಲ್ 17ರಂದು ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ ಅಂತ್ಯಕ್ರಿಯೆ ನಡೆಯಿತು, ರಾಣಿಯೂ ಬಂದಿದ್ದರು. ಅದೇ ದಿನ ಯಾರ್ಕ್‌ಶೈರಿನ ಗೋಲ್ಡ್‌ಥೋರ್ಪ್ ಎಂಬ ಊರಿನಲ್ಲಿ ಥ್ಯಾಚರ್ ಗೊಂಬೆಯನ್ನು ಶವಪೆಟ್ಟಿಗೆಯಲ್ಲಿಟ್ಟು ಮೆರವಣಿಗೆ ಮಾಡಿ ಸುಟ್ಟರು.

ಗೋಲ್ಡ್‌ಥೋರ್ಪ್ ಕಲ್ಲಿದ್ದಲು ಗಣಿಯ ಊರು. 1984ರ ಮಾರ್ಚ್‌ನಲ್ಲಿ ಸರಕಾರದ ಕಲ್ಲಿದ್ದಲು ಮಂಡಳಿ 20 ಗಣಿಗಳನ್ನು ಮುಚ್ಚುತ್ತೇವೆ ಎಂದಾಗ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷ ಸಂಬಳವಿಲ್ಲದೆ ಕೂತರು, ಪೊಲೀಸರ ಏಟು ತಿಂದರು, ಕೆಲಸಕ್ಕೆ ಹೋದವರ ಜೊತೆ ಮಾತು ಬಿಟ್ಟರು, ಕೊನೆಗೆ ಸೋತು ವಾಪಸು ಹೋದರು. ಆಮೇಲೆ ಒಂದೊಂದೇ ಗಣಿ ಮುಚ್ಚಿತು. ನಮ್ಮ ಮಂಗಳೂರಿನ ಹಂಚಿನ ಕಾರ್ಖಾನೆಗಳು ಮುಚ್ಚುತ್ತಾ ಬಂದಾಗಲೂ ಎಷ್ಟೋ ಮನೆಗಳ ಸಂಪಾದನೆ ನಿಂತಿತು. ಆದರೆ ಟೆರೇಸ್ ಮನೆ ಬಂತು, ಆವೆ ಮಣ್ಣು ಸಿಗುವುದು ಕಷ್ಟವಾಯಿತು ಅಂತ ಜನ ಸುಮ್ಮನಾದರು, ಬೈಯಲು ಒಬ್ಬ ಮನುಷ್ಯನ ಮುಖ ಸಿಗಲಿಲ್ಲ. ಅಲ್ಲಿ ಸಿಕ್ಕಿತು. ಅದೂ 'ನಾನು ಹಿಂದೆ ಸರಿಯುವವಳಲ್ಲ' ಎಂದು ಎದೆ ತಟ್ಟಿ ಹೇಳಿಕೊಂಡ ಮುಖ.

ಗ್ಲಾಸ್ಗೋದವರ ಲೆಕ್ಕ ಬೇರೆ. ತಲೆಗೆ ಇಷ್ಟು ಎಂದು ಬಡವ ಬಲ್ಲಿದ ನೋಡದೆ ಹಾಕಿದ ತೆರಿಗೆ ಸ್ಕಾಟ್ಲೆಂಡಿನಲ್ಲಿ 1989ರಲ್ಲೇ ಜಾರಿಗೆ ಬಂತು, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ. ಅದಕ್ಕೂ ಹಿಂದೆ, ಶಿಕ್ಷಣ ಸಚಿವೆಯಾಗಿದ್ದಾಗ 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳಿಗೆ ಶಾಲೆಯಲ್ಲಿ ಕೊಡುತ್ತಿದ್ದ ಪುಕ್ಕಟೆ ಹಾಲು ನಿಲ್ಲಿಸಿದ್ದರು. 'ಹಾಲು ಕಸಿದವಳು' ಎಂಬ ಹೆಸರು ಕೊನೆಯವರೆಗೂ ಬಿಡಲಿಲ್ಲ.

ಆದರೆ ಅತ್ತವರೂ ಇದ್ದರಲ್ವಾ, ಅದನ್ನು ನಿಮ್ಮ ಮಗ ತೋರಿಸಿರಲಿಕ್ಕಿಲ್ಲ. 1979, 1983, 1987 – ಮೂರು ಚುನಾವಣೆ ಗೆದ್ದ ಹೆಂಗಸು ಅವರು. ಸುಮ್ನೆ ಗೆದ್ದರಾ? 1980ರ ಕಾನೂನಿನಿಂದ ಸರಕಾರಿ ಬಾಡಿಗೆ ಮನೆಯಲ್ಲಿದ್ದವರು ಅದೇ ಮನೆಯನ್ನು ಕಡಿಮೆ ದರಕ್ಕೆ ಕೊಂಡುಕೊಳ್ಳುವ ಹಕ್ಕು ಪಡೆದರು. ಹಾಗೆ ಸ್ವಂತ ಮನೆ ಮಾಡಿಕೊಂಡವರಿಗೆ ಥ್ಯಾಚರ್ ದೇವರೇ. ಅಂದು ಸಂಜೆ ಕುಣಿದವರು ಕೆಲವು ನೂರು ಜನ, ಅಂತಿಮಯಾತ್ರೆಯ ದಾರಿಯಲ್ಲಿ ನಿಂತವರು ಸಾವಿರಾರು ಜನ. ಕ್ಯಾಮೆರಾಕ್ಕೆ ಕುಣಿತವೇ ಚಂದ ಕಾಣುತ್ತದೆ.

ನನ್ನನ್ನು ಕೇಳಿದರೆ, ಗೋಲ್ಡ್‌ಥೋರ್ಪ್‌ನ ಮುದುಕ ಗಣಿ ಕೆಲಸಗಾರ ಮಾಡಿದ್ದು ಸರಿ ಎನ್ನಲಾರೆ, ಆದರೆ ಅವನ ಎದುರು ನಿಂತು ಸಂಸ್ಕಾರದ ಪಾಠ ಹೇಳುವ ಧೈರ್ಯ ನನಗಿಲ್ಲ. ಅವನು ಕಳೆದುಕೊಂಡದ್ದು ಅವನಿಗೇ ಗೊತ್ತು. ಬ್ರಿಕ್ಸ್‌ಟನ್ನಿನ ಇಪ್ಪತ್ತರ ಹುಡುಗರ ವಿಷಯ ಬೇರೆ. ಥ್ಯಾಚರ್ ಕುರ್ಚಿ ಬಿಟ್ಟದ್ದು 1990ರಲ್ಲಿ. ಆಗ ಇವರು ಹುಟ್ಟಿಯೇ ಇರಲಿಲ್ಲ. ಥ್ಯಾಚರ್ ಸತ್ತದ್ದರಿಂದ ಒಂದು ಗಣಿಯೂ ಮತ್ತೆ ತೆರೆಯಲಿಲ್ಲ, ಒಂದು ಕಾನೂನೂ ಬದಲಾಗಲಿಲ್ಲ. ಅಷ್ಟು ಯಾಕೆ, ಆ ದಿನ ಪ್ರಧಾನಿಯಾಗಿದ್ದದ್ದೇ ಅವರ ಪಕ್ಷದ ಡೇವಿಡ್ ಕ್ಯಾಮರೂನ್. ವರ್ಷಗಟ್ಟಲೆ ನೆನಪು ಹೋಗಿ ಕೂತಿದ್ದ ಒಬ್ಬ ಅಜ್ಜಿ ಸತ್ತದ್ದನ್ನು ಗೆಲುವು ಅಂದುಕೊಂಡರೆ, ಅವರು ಗಟ್ಟಿಯಿದ್ದಾಗ ತಾವು ಸೋತದ್ದನ್ನು ಮರೆಯಲು ನೆಪ ಹುಡುಕಿದ ಹಾಗೆ ಆಯಿತು.

ಯಾವುದೋ ಹಾಡನ್ನು ರೇಡಿಯೋದವರು ಹಾಕಲೇ ಇಲ್ಲವಂತೆ. ಅದು ಬಾಯಿ ಮುಚ್ಚಿಸುವುದು ಅಲ್ವಾ?
– ಕಾಲೇಜು ಹುಡುಗಿ, ಮಂಗಳೂರು

ಮಾಟಗಾತಿ ಸತ್ತಳು ಎಂದು ಹಾಡುವ ಹಳೆಯ ಸಿನಿಮಾ ಹಾಡು ಅದು. ವಿರೋಧಿಗಳು ಎಲ್ಲರೂ ದುಡ್ಡು ಕೊಟ್ಟು ಕೊಳ್ಳಿ ಎಂದು ಪ್ರಚಾರ ಮಾಡಿದರು, ಆ ವಾರ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂತು. ಆ ಪಟ್ಟಿಯ ಹಾಡುಗಳನ್ನು ಕೇಳಿಸುವ ಕಾರ್ಯಕ್ರಮದಲ್ಲಿ ಬಿಬಿಸಿ ರೇಡಿಯೋ 1ರವರು ಇದನ್ನು ಪೂರ್ತಿ ಹಾಕಲಿಲ್ಲ. ನಡುವೆ ಒಂದು ಸುದ್ದಿ ತುಣುಕು ಮಾಡಿ, ಅದರಲ್ಲಿ ಕೆಲವೇ ಸೆಕೆಂಡು ಕೇಳಿಸಿದರು. ಎರಡೂ ಕಡೆಯಿಂದ ಬೈಗುಳ ತಿಂದರು. ಥ್ಯಾಚರ್ ಅಭಿಮಾನಿಗಳೂ ಸುಮ್ನೆ ಕೂರಲಿಲ್ಲ. 'ನನಗೆ ಥ್ಯಾಚರ್ ಮೇಲೆ ಪ್ರೀತಿ' ಎನ್ನುವ 1979ರ ಒಂದು ಪಂಕ್ ಹಾಡನ್ನು ಹುಡುಕಿ ಕೊಂಡರು. ಅದು 35ನೇ ಸ್ಥಾನದವರೆಗೆ ಬಂತು.

ನನ್ನ ಪ್ರಕಾರ ಹಾಕಬೇಕಿತ್ತು. ಪಟ್ಟಿ ಓದುವುದೇ ಆ ಕಾರ್ಯಕ್ರಮದ ಕೆಲಸ. ಪಟ್ಟಿಯಲ್ಲಿ ಎರಡನೆಯದನ್ನು ಅರ್ಧ ಹಾಕುತ್ತೇನೆ ಎಂದರೆ ಕೇಳದಿದ್ದವರೂ ಹುಡುಕಿ ಕೇಳುತ್ತಾರೆ.

ಇದೆಲ್ಲ ವಿದೇಶದವರ ಬುದ್ಧಿ. ನಮ್ಮ ಸಂಸ್ಕೃತಿಯಲ್ಲಿ ವೈರಿ ಸತ್ತರೂ ಕೈ ಮುಗಿಯುತ್ತೇವೆ. ನೀವು ಸುಮ್ಮನೆ ಅವರ ಕೊಳಕನ್ನು ನಮ್ಮ ಮಕ್ಕಳಿಗೆ ಕಲಿಸಬೇಡಿ.
– ಹೆಸರು ಬರೆದಿಲ್ಲ, ಪುತ್ತೂರು ಅಂಚೆಯ ಮೊಹರು

ಕೈ ಮುಗಿಯುವವರು ಇದ್ದಾರೆ, ಒಪ್ಪುತ್ತೇನೆ. ಹೆಣ ಹೋಗುವಾಗ ಬಸ್ಸಿನಲ್ಲಿದ್ದವರೂ ತಲೆ ಬಾಗಿಸುವ ಊರು ನಮ್ಮದು. ಆದರೆ 2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಪಟಾಕಿ ಹೊಡೆದದ್ದು ವಿದೇಶದಲ್ಲಿ ಅಲ್ಲ ಸ್ವಾಮಿ, ಘಟ್ಟ ಹತ್ತಿದರೆ ಸಿಗುವ ಚಿಕ್ಕಮಗಳೂರಿನಲ್ಲಿ. ಮೋದಿ ಪ್ರಧಾನಿಯಾದರೆ ಈ ದೇಶದಲ್ಲಿ ಇರುವುದಿಲ್ಲ ಎಂದ ಅವರ ಮಾತಿನ ಸಿಟ್ಟು ಅದು. 2017ರಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದಾಗ, ದೇಹ ತಣ್ಣಗಾಗುವ ಮೊದಲೇ ಸಂಭ್ರಮದ ಪೋಸ್ಟ್‌ಗಳು ಬಂದಿದ್ದವು. ಇನ್ನೊಂದು ಕಡೆಯವರೇನು ಕಡಿಮೆ ಇಲ್ಲ. ಬಲಪಂಥದ ಒಬ್ಬ ನಾಯಕ ಆಸ್ಪತ್ರೆ ಸೇರಿದರೆ ಸಾಕು, ಸುದ್ದಿಯ ಕೆಳಗೆ ನಗುವ ಇಮೋಜಿಗಳು ಸಾಲು ಸಾಲು. ಒತ್ತಿದವರ ಪ್ರೊಫೈಲ್ ನೋಡಿದರೆ ನಮ್ಮ ತೊಕ್ಕೊಟ್ಟು, ನಮ್ಮ ಕಾಪುವಿನವರೇ.

ಕೈ ಮುಗಿಯುವುದರಲ್ಲೂ ಒಂದು ಒತ್ತಾಯ ಬರುತ್ತದೆ, ಅದನ್ನೂ ಹೇಳಬೇಕು. 2012ರ ನವೆಂಬರ್ 17ರಂದು ಶಿವಸೇನೆ ಪಕ್ಷ ಕಟ್ಟಿದ ಬಾಳ್ ಠಾಕ್ರೆ ಮುಂಬಯಿಯಲ್ಲಿ ತೀರಿಕೊಂಡರು. ಒಂದು ಸರಕಾರಿ ಹುದ್ದೆಯನ್ನೂ ಹಿಡಿಯದ ಮನುಷ್ಯನಿಗೆ ಸರಕಾರಿ ಗೌರವ ಸಿಕ್ಕಿತು, ಮುಂಬಯಿಗೆ ಮುಂಬಯಿಯೇ ಮುಚ್ಚಿತು. ಅಭಿಮಾನದಿಂದ ಅಂಗಡಿ ಮುಚ್ಚಿದವರೆಷ್ಟು, ಹೆದರಿ ಮುಚ್ಚಿದವರೆಷ್ಟು ಎಂದು ಅಲ್ಲಿ ಹೋಟೆಲ್ ಇಟ್ಟಿದ್ದ ನಮ್ಮ ಊರಿನವರನ್ನೇ ಕೇಳಿ. 'ಮದ್ರಾಸಿ'ಗಳನ್ನು ಓಡಿಸಿ ಎಂದು ಅವರ ಪಕ್ಷ 1960ರ ದಶಕದಲ್ಲಿ ಶುರು ಮಾಡಿದಾಗ ಏಟು ತಿಂದವರಲ್ಲಿ ಉಡುಪಿ ಹೋಟೆಲಿನವರೂ ಇದ್ದರು. ಅದೇ ಊರಿನಲ್ಲಿ ಮುಂದೆ ಅದೇ ಪಕ್ಷದ ಬಾವುಟ ಹಿಡಿದ ತುಳುವರೂ ಇದ್ದಾರೆ, ಅದು ಬೇರೆ ಕತೆ.

ಆಗ ಮುಂಬಯಿ ಹತ್ತಿರದ ಪಾಲ್ಘರ್‌ನ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ, ದಿನವೂ ಎಷ್ಟೋ ಜನ ಸಾಯುತ್ತಾರೆ, ಇದಕ್ಕೆ ಯಾಕೆ ಬಂದ್ ಎಂಬ ಅರ್ಥದಲ್ಲಿ ಫೇಸ್‌ಬುಕ್‌ನಲ್ಲಿ ಬರೆದಳು. ಅವಳ ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಸಂಬಂಧಿಕರ ಕ್ಲಿನಿಕ್‌ಗೆ ಗುಂಪು ನುಗ್ಗಿ ಪುಡಿ ಮಾಡಿತು. ಆ ಹುಡುಗಿ ಸತ್ತವರಿಗೆ ಬೈದಿರಲೇ ಇಲ್ಲ, ಬದುಕಿರುವವರನ್ನು ಒಂದು ಪ್ರಶ್ನೆ ಕೇಳಿದ್ದಳು. ಹೊಗಳಿಕೆಗೆ ಧ್ವನಿವರ್ಧಕ ಕಟ್ಟಿ, ಊರಿಡೀ ಫ್ಲೆಕ್ಸ್ ಹಾಕಿ, ಟೀಕೆಗೆ ಮಾತ್ರ 'ಈಗ ಸಮಯ ಅಲ್ಲ' ಎನ್ನುವುದನ್ನು ಗೌರವ ಎಂದು ನಾನು ಒಪ್ಪುವುದಿಲ್ಲ. ಸಾವಿನ ಮನೆಯಲ್ಲಿ ಮತ ಕೇಳುತ್ತೀರಿ ಎಂದಾದರೆ ಉತ್ತರವನ್ನೂ ಕೇಳಿಸಿಕೊಳ್ಳಬೇಕು.

ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ಸತ್ತ ನಾಯಕರ ಬಗ್ಗೆ ಒಬ್ಬರು ಏನೋ ಹಾಕಿದರೆ ನನ್ನ ಮೇಲೆ ಕೇಸ್ ಬೀಳುತ್ತದಾ? ಸತ್ತವರಿಗೂ ಮಾನನಷ್ಟ ಉಂಟಾ?
– ಬಂಟ್ವಾಳದ ಓದುಗರು

ಉಂಟು. ಬ್ರಿಟನ್ನಿನಲ್ಲಿ ಸತ್ತವರಿಗೆ ಮಾನನಷ್ಟದ ಕೇಸು ನಿಲ್ಲುವುದಿಲ್ಲ, ನಮ್ಮಲ್ಲಿ ನಿಲ್ಲಬಹುದು. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮೊದಲ ವಿವರಣೆಯೇ ಅದು. ಆದರೆ ಎರಡು ಷರತ್ತು: ಬದುಕಿದ್ದರೆ ಅವರ ಹೆಸರಿಗೆ ಧಕ್ಕೆ ತರುವಂಥ ಮಾತಾಗಿರಬೇಕು, ಮತ್ತು ಮನೆಯವರ, ಹತ್ತಿರದ ಸಂಬಂಧಿಕರ ಮನಸ್ಸು ನೋಯಿಸಲೆಂದೇ ಆಡಿರಬೇಕು. ಇದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು, ಪೊಲೀಸರು ವಾರೆಂಟ್ ಇಲ್ಲದೆ ಎತ್ತಿಕೊಂಡು ಹೋಗುವ ಹಾಗಿಲ್ಲ. ಸಾರ್ವಜನಿಕ ಕೆಲಸದಲ್ಲಿದ್ದವರ ನಡವಳಿಕೆ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳಲು ಅದೇ ಕಲಮಿನಲ್ಲಿ ವಿನಾಯಿತಿಯೂ ಇದೆ. 'ಇವರು ಸಚಿವರಾಗಿದ್ದಾಗ ನಮ್ಮ ರಸ್ತೆ ಆಗಲಿಲ್ಲ' ಎಂದರೆ ಯಾರೂ ಏನೂ ಮಾಡಲಾರರು.

ತೊಂದರೆ ಬರುವುದು ಅದೇ ಸಂಹಿತೆಯ 196ನೇ ಕಲಮಿನಿಂದ. ಜಾತಿ, ಧರ್ಮದ ನಡುವೆ ದ್ವೇಷ ಹಬ್ಬಿಸುವ ಆರೋಪ. ಇದರಲ್ಲಿ ವಾರೆಂಟ್ ಇಲ್ಲದೆ ಬಂಧಿಸಬಹುದು, ಮೂರು ವರ್ಷದವರೆಗೆ ಶಿಕ್ಷೆ ಇದೆ. ಸತ್ತವರ ಜೊತೆ ಅವರ ಜಾತಿ, ಧರ್ಮವನ್ನೂ ಎಳೆದು ಬೈಯುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಇರುವುದರಿಂದ ಹೇಳಿದೆ. ಪಾಲ್ಘರ್ ಹುಡುಗಿಯರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಕಿತ್ತು ಹಾಕಿತು, ಈಗ ಅದು ಇಲ್ಲ.

ಅಡ್ಮಿನ್ ವಿಷಯ: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ನಿದ್ದೆ ಮಾಡಬೇಡಿ. ಯಾರಾದರೂ ಸತ್ತ ದಿನ ಗ್ರೂಪನ್ನು ರಾತ್ರಿವರೆಗೆ 'ಅಡ್ಮಿನ್ ಮಾತ್ರ' ಮಾಡಿಡಿ. ನೀರು ಬರುವ ಸಮಯ ನೀವೇ ಹಾಕಿದರಾಯಿತು.

ಮಾವ ಮೂವತ್ತು ವರ್ಷ ಒಬ್ಬ ನಾಯಕರ ಹಿಂದೆ ಬಾವುಟ ಕಟ್ಟಿದವರು. ಆ ನಾಯಕರು ತೀರಿಕೊಂಡ ದಿನ ಮಾವ ಊಟ ಮಾಡಲಿಲ್ಲ. ಗಂಡ ಅದೇ ದಿನ ಅವರ ಹಗರಣಗಳನ್ನೆಲ್ಲ ಸ್ಟೇಟಸ್ ಹಾಕಿದರು. ಮನೆಯಲ್ಲಿ ಮಾತಿಲ್ಲ. ಯಾರ ಕಡೆ ಮಾತಾಡಲಿ?
– ಗೃಹಿಣಿ, ಸುರತ್ಕಲ್

ಯಾರ ಕಡೆಯೂ ಬೇಡಮ್ಮ. ನಿಮ್ಮ ಗಂಡ ಬರೆದದ್ದು ನಿಜವೇ ಇರಬಹುದು. ಆದರೆ ನಾಯಕರಿಗೆ ಅದು ತಲುಪಲಿಲ್ಲ, ಚಾವಡಿಯಲ್ಲಿ ಕೂತಿದ್ದ ಅಪ್ಪನಿಗೆ ತಲುಪಿತು. ಮಾವ ಅತ್ತದ್ದು ನಾಯಕರಿಗೆ ಎಷ್ಟು, ಪೋಸ್ಟರಿಗೆ ಗೋಂದು ಹಚ್ಚುತ್ತಿದ್ದ ತಮ್ಮ ಪ್ರಾಯದ ಕಾಲಕ್ಕೆ ಎಷ್ಟು ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಸ್ಟೇಟಸ್ 24 ಗಂಟೆಯಲ್ಲಿ ತಾನಾಗಿ ಹೋಗುತ್ತದೆ. ಗಂಡನಿಗೆ ಹೇಳಿ, ಹಗರಣದ ಬಗ್ಗೆ ಬರೆಯುವುದಿದ್ದರೆ ಚುನಾವಣೆಯ ಸಮಯದಲ್ಲಿ ಬರೆಯಲಿ, ಆಗ ಉಪಯೋಗವೂ ಇದೆ. ಮಾವನನ್ನು ಆ ಬಾವುಟದ ಕತೆ ಕೇಳಿ. ಹೇಳಲು ಕಾಯುತ್ತಿರುತ್ತಾರೆ.

ಒಬ್ಬ ರಾಜಕಾರಣಿಯ ಉತ್ತರಕ್ರಿಯೆಯ ದಿನ ನುಡಿನಮನಕ್ಕೆ ನನ್ನನ್ನು ಕರೆದಿದ್ದಾರೆ. ಅವರ ರಾಜಕೀಯ ನನಗೆ ಆಗುತ್ತಿರಲಿಲ್ಲ, ಮುಖಕ್ಕೇ ಹೇಳಿದ್ದೇನೆ. ಈಗ ಅಜಾತಶತ್ರು, ಬಡವರ ಬಂಧು ಅಂತೆಲ್ಲ ಹೇಳಬೇಕಾ?
– ನಿವೃತ್ತ ಬ್ಯಾಂಕ್ ನೌಕರ, ಕಾರ್ಕಳ

ಬೇಡವೇ ಬೇಡ. ನಿಮಗೆ ಥ್ಯಾಚರ್ ಕತೆಯ ಕೊನೆಯ ತುಂಡು ಹೇಳುತ್ತೇನೆ. ಏಪ್ರಿಲ್ 10ರಂದು ಅವರ ನೆನಪಿಗೆ ಸಂಸತ್ತು ಸೇರಿತ್ತು. ವಿರೋಧ ಪಕ್ಷ ಲೇಬರ್‌ನ ಸಂಸದೆ ಗ್ಲೆಂಡಾ ಜಾಕ್ಸನ್ ಎದ್ದು ನಿಂತು, ಶಾಲೆ, ಆಸ್ಪತ್ರೆ, ಬೀದಿಯಲ್ಲಿ ಮಲಗಿದವರು ಎಂದು ಆ ಕಾಲದ ಕಷ್ಟವನ್ನೆಲ್ಲ ಎತ್ತಿ ಹೇಳಿದರು. ಎದುರಿನವರು ಗಲಾಟೆ ಮಾಡಿದರು. ಇದು ಸದನದ ರೀತಿಗೆ ವಿರುದ್ಧವಲ್ಲವೇ ಎಂದು ಒಬ್ಬರು ಕೇಳಿದಾಗ, ನಿಯಮ ಮೀರಿದ್ದು ಏನೂ ಇಲ್ಲ ಎಂದರು ಸ್ಪೀಕರ್. ಒಂದು ವಾರ ಕಳೆದು ಇಗರ್ಜಿಯಲ್ಲಿ ಲಂಡನ್ನಿನ ಬಿಷಪ್ ಪ್ರವಚನ ಮಾಡಿದಾಗ, ಅವರ ನೀತಿಗಳ ಚರ್ಚೆ ಆಗಲೇಬೇಕು, ಆದರೆ ಇದು ಅದರ ಜಾಗ ಅಲ್ಲ ಎಂದರು. ನನಗೆ ಇಬ್ಬರ ಮಾತೂ ಸರಿ ಕಾಣುತ್ತದೆ. ಸಂಸತ್ತು ರಾಜಕೀಯದ ಮನೆ. ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲಿ ಮಕ್ಕಳು, ಮೊಮ್ಮಕ್ಕಳು ಕೂತಿದ್ದರು.

ಅಲ್ಲಿ ನೀವು ನೋಡಿದ್ದನ್ನು ಮಾತ್ರ ಹೇಳಿ. 'ನಮಗೆ ರಾಜಕೀಯದಲ್ಲಿ ಆಗುತ್ತಿರಲಿಲ್ಲ, ನಾನು ಬೈದರೂ ಬ್ಯಾಂಕಿಗೆ ಬಂದಾಗ ಮಾತಾಡಿಸದೆ ಹೋಗುತ್ತಿರಲಿಲ್ಲ' – ಇಂಥದ್ದು ಏನಾದರೂ ಇದ್ದರೆ ಅಷ್ಟೇ. ಜಗಳವಿತ್ತು ಎಂದು ಹೇಳಿದ ಮೇಲೆ ಆಡಿದ ಒಂದು ಒಳ್ಳೆಯ ಮಾತನ್ನು ಮನೆಯವರು ನಂಬುತ್ತಾರೆ. ಹಾಗೆ ಹೇಳಲು ಏನೂ ಸಿಗದಿದ್ದರೆ ಹೋಗಿ ಹೂ ಹಾಕಿ ಬನ್ನಿ, ಮೈಕ್ ಮುಟ್ಟಬೇಡಿ. ಮಾತಾಡಿದರೂ ಎರಡು ನಿಮಿಷ ಸಾಕು. ನಿಮ್ಮ ಹಿಂದೆ ಇನ್ನೂ ಹನ್ನೆರಡು ಜನ ಇರುತ್ತಾರೆ, ಬಾಳೆಲೆ ಹಾಕಿ ಆಗಿರುತ್ತದೆ.